ಸಂಬಳದಿಂದ ಕಟ್ ಆದ ಪಿಎಫ್ ಖಾತೆಗೆ ಬರದಿದ್ದರೆ

ಸ್ಯಾಲರಿ ಸ್ಲಿಪ್ ತೆಗೆದು ನೋಡಿ. ಪಿಎಫ್ ಎಂಬ ಸಾಲಿನ ಮುಂದೆ ಒಂದು ಮೊತ್ತ ಇರುತ್ತದೆ. 1,800 ರೂಪಾಯಿ ಅಂತಿಟ್ಟುಕೊಳ್ಳಿ. ಅಷ್ಟು ಹಣ ನಿಮ್ಮ ಸಂಬಳದಿಂದ ಹೋಗಿದೆ. ಆದರೆ ಅದು ನಿಮ್ಮ ಪಿಎಫ್ ಖಾತೆ ಸೇರಿದೆಯಾ? ಇದಕ್ಕೆ ಸ್ಲಿಪ್‌ನಲ್ಲಿ ಉತ್ತರ ಇಲ್ಲ. ಕಂಪನಿ ಹಣ ಹಿಡಿದುಕೊಂಡಿದೆ ಅಂತ ಮಾತ್ರ ಸ್ಲಿಪ್ ಹೇಳುತ್ತದೆ. ಕಟ್ಟಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಪಾಸ್‌ಬುಕ್ ನೋಡಬೇಕು.

ನಾನು ಇದನ್ನು ಕಲಿತದ್ದು ತಡವಾಗಿ. ಹಿಂದೆ ನಾನಿದ್ದ ಒಂದು ಸಣ್ಣ ಕಂಪನಿಯಲ್ಲಿ ಸಂಬಳ ಸರಿಯಾಗಿ ಬರುತ್ತಿತ್ತು, ಸ್ಲಿಪ್ ಬರುತ್ತಿತ್ತು, ಪಿಎಫ್ ಕೂಡ ತಿಂಗಳು ತಿಂಗಳು ಕಟ್ ಆಗುತ್ತಿತ್ತು. ಏಳು ತಿಂಗಳು ಖಾತೆಗೆ ಒಂದು ರೂಪಾಯಿಯೂ ಹೋಗಿರಲಿಲ್ಲ. ನಮ್ಮಲ್ಲಿ ಯಾರೂ ನೋಡಿರಲೂ ಇಲ್ಲ.

ಕಂಪನಿಗೆ ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಪಿಎಫ್ ಯಾಕೆ ಅಂತ ಆಮೇಲೆ ಅರ್ಥವಾಯಿತು. ಬಾಡಿಗೆ ಕೊಡದಿದ್ದರೆ ಕಟ್ಟಡದ ಮಾಲೀಕರು ಬಾಗಿಲಿಗೆ ಬರುತ್ತಾರೆ. ಬ್ಯಾಂಕಿನ ಕಂತು ತಪ್ಪಿದರೆ ಮರುದಿನವೇ ಫೋನ್ ಬರುತ್ತದೆ. ಸಂಬಳ ನಿಂತರೆ ಜನ ಕೆಲಸ ನಿಲ್ಲಿಸುತ್ತಾರೆ. ಪಿಎಫ್ ಕಟ್ಟದಿದ್ದರೆ ಆ ವಾರ ಯಾರೂ ಕೇಳುವುದಿಲ್ಲ, ಆ ತಿಂಗಳೂ ಕೇಳುವುದಿಲ್ಲ. ಕೇಳಬೇಕಾದವರು ನಾವು. ಯಾಕೆಂದರೆ ಸಾಲ ಕೊಟ್ಟವರೂ ನಾವೇ, ನಮಗೇ ಗೊತ್ತಿಲ್ಲದೆ.

ಎಷ್ಟು ಕಟ್ಟಬೇಕು, ಯಾವಾಗ ಕಟ್ಟಬೇಕು

20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಪಿಎಫ್ ಅನ್ವಯಿಸುತ್ತದೆ. ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ 12% ನಿಮ್ಮಿಂದ, ಅಷ್ಟೇ ಹಣ ಕಂಪನಿಯಿಂದ. ಕಂಪನಿಯ 12% ಎರಡು ಭಾಗವಾಗುತ್ತದೆ. 8.33% ಪಿಂಚಣಿ ಯೋಜನೆಗೆ, ಉಳಿದದ್ದು ನಿಮ್ಮ ಪಿಎಫ್ ಖಾತೆಗೆ. ಪಿಂಚಣಿ ಭಾಗವನ್ನು 15,000 ರೂಪಾಯಿ ವೇತನದವರೆಗೆ ಮಾತ್ರ ಲೆಕ್ಕ ಹಾಕುತ್ತಾರೆ. ಹಾಗಾಗಿ 15,000 ಮೂಲ ವೇತನ ಇರುವವರ ಲೆಕ್ಕ ಹೀಗೆ: ನಿಮ್ಮದು 1,800, ಕಂಪನಿಯಿಂದ ಪಿಂಚಣಿಗೆ 1,250, ಪಿಎಫ್‌ಗೆ 550. ಒಟ್ಟು 3,600.

ಕಂಪನಿ ಈ ಹಣವನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಜೂನ್ ಸಂಬಳದ ಪಿಎಫ್‌ಗೆ ಜುಲೈ 15 ಕೊನೆಯ ದಿನ. ಮೊದಲು ಇನ್ನೂ ಐದು ದಿನದ ರಿಯಾಯಿತಿ ಇತ್ತು, 2016ರಲ್ಲಿ ಅದನ್ನು ತೆಗೆದುಹಾಕಿದರು. 16ನೇ ತಾರೀಖು ಕಟ್ಟಿದರೂ ಅದು ತಡವೇ.

ನಿಜವಾಗಿಯೂ ಬಾಕಿ ಇದೆಯಾ ಅಂತ ಮೊದಲು ನೋಡಿ

ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ ಖಾಯಂ ಸಂಖ್ಯೆ) ಹಾಕಿ, ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಇಪಿಎಫ್‌ಒದ ಪಾಸ್‌ಬುಕ್ ಪುಟದಲ್ಲಿ ಅಥವಾ ಕೇಂದ್ರ ಸರ್ಕಾರದ ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ತೆರೆಯಬಹುದು. ಇಂಟರ್ನೆಟ್ ಬೇಡ ಅಂದರೆ, ಯುಎಎನ್ ಜೊತೆ ನೋಂದಣಿಯಾದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ. ಕೊನೆಯ ಬಾರಿ ಎಷ್ಟು ಹಣ ಬಂತು, ಒಟ್ಟು ಎಷ್ಟಿದೆ ಅಂತ ಮೆಸೇಜ್ ಬರುತ್ತದೆ.

ಪಾಸ್‌ಬುಕ್ ಓದುವಾಗ ಮೂರು ಕಡೆ ತಪ್ಪು ತಿಳಿಯುವುದುಂಟು. ಅಲ್ಲಿ 'ಡ್ಯೂ ಮಂತ್' ಅಂತ ಬರೆದಿರುವುದು ಹಣ ಕಟ್ಟಬೇಕಾದ ತಿಂಗಳು, ಕೆಲಸ ಮಾಡಿದ ತಿಂಗಳಲ್ಲ. ಮಾರ್ಚ್ ಸಂಬಳದ ಹಣ ಏಪ್ರಿಲ್ ಲೆಕ್ಕದಲ್ಲಿ ಕಾಣುತ್ತದೆ. ಎರಡನೆಯದು, ಬಡ್ಡಿ ಬರುವುದು ವರ್ಷಕ್ಕೊಮ್ಮೆ. ಅದು ತಡವಾದರೆ ಕಂಪನಿಯ ತಪ್ಪಲ್ಲ. ಮೂರನೆಯದು, ಪಿಂಚಣಿ ಕಾಲಂ ಖಾಲಿ ಇದ್ದರೆ ಗಾಬರಿಯಾಗಬೇಡಿ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಆಗಲೇ 15,000ಕ್ಕಿಂತ ಜಾಸ್ತಿ ವೇತನ ಇದ್ದವರು ಪಿಂಚಣಿ ಯೋಜನೆಗೆ ಬರುವುದಿಲ್ಲ. ಅವರ ಕಂಪನಿ ಪಾಲು ಪೂರ್ತಿ ಪಿಎಫ್‌ಗೇ ಹೋಗುತ್ತದೆ.

ಕೆಲವು ದೊಡ್ಡ ಕಂಪನಿಗಳು ತಮ್ಮದೇ ಪಿಎಫ್ ಟ್ರಸ್ಟ್ ನಡೆಸುತ್ತವೆ. ಅಂಥ ಕಡೆ ಇಪಿಎಫ್‌ಒ ಪಾಸ್‌ಬುಕ್‌ನಲ್ಲಿ ಪಿಎಫ್ ಹಣ ಕಾಣುವುದೇ ಇಲ್ಲ, ಟ್ರಸ್ಟ್‌ನ ಲೆಕ್ಕ ನೋಡಬೇಕು. ಮತ್ತೆ ಆಧಾರ್ ವಿಷಯ. 2021ರ ಸೆಪ್ಟೆಂಬರ್‌ನಿಂದ ಯುಎಎನ್‌ಗೆ ಆಧಾರ್ ಜೋಡಣೆ ಆಗದವರ ಹಣ ಕಟ್ಟಲು ಕಂಪನಿಗೆ ಆಗುವುದಿಲ್ಲ. ಹೆಸರಿನ ಒಂದು ಅಕ್ಷರ ಹೊಂದದೆ ನಿಮ್ಮೊಬ್ಬರ ಹಣ ಮಾತ್ರ ನಿಂತಿರಬಹುದು. ಪಕ್ಕದವರ ಪಾಸ್‌ಬುಕ್‌ನಲ್ಲಿ ಹಣ ಬಂದಿದ್ದು ನಿಮ್ಮದರಲ್ಲಿ ಬಂದಿಲ್ಲ ಅಂದರೆ ಮೊದಲು ಇದನ್ನೇ ನೋಡಿ.

ಇನ್ನೊಂದು ದಾರಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ 'ಎಸ್ಟಾಬ್ಲಿಷ್‌ಮೆಂಟ್ ಸರ್ಚ್' ಎಂಬ ಪುಟವಿದೆ. ಅಲ್ಲಿ ಕಂಪನಿಯ ಹೆಸರು ಹಾಕಿದರೆ ಯಾವ ತಿಂಗಳಿಗೆ, ಯಾವ ದಿನ, ಎಷ್ಟು ಹಣ, ಎಷ್ಟು ಜನರ ಲೆಕ್ಕದಲ್ಲಿ ಕಟ್ಟಿದೆ ಅಂತ ಸಿಗುತ್ತದೆ. ಲಾಗಿನ್ ಬೇಡ, ಯಾರು ಬೇಕಾದರೂ ನೋಡಬಹುದು. ಹೊಸ ಕೆಲಸಕ್ಕೆ ಸೇರುವ ಮೊದಲು ಅಲ್ಲಿ ಒಮ್ಮೆ ಕಣ್ಣಾಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೂರು ನಾಲ್ಕು ತಿಂಗಳ ಹಣ ಒಂದೇ ದಿನ ಕಟ್ಟಿದ್ದು ಸಾಲಾಗಿ ಕಂಡರೆ ಆ ಕಂಪನಿಯ ಅಭ್ಯಾಸ ಗೊತ್ತಾಗುತ್ತದೆ.

ತಡವಾದರೆ ಏನು ನಷ್ಟ

"ಇವತ್ತಲ್ಲ ನಾಳೆ ಕಟ್ಟುತ್ತೇವೆ, ಹಣ ಎಲ್ಲಿಗೂ ಹೋಗಲ್ಲ" ಅಂತ ಅಕೌಂಟ್ಸ್‌ನವರು ಸಮಾಧಾನ ಹೇಳುತ್ತಾರೆ. ಆದರೆ ಆ ನಾಳೆ ಬರುವ ಮೊದಲೇ ಹಣ ಬೇಕಾಗಬಹುದು. ಆಸ್ಪತ್ರೆ ಖರ್ಚಿಗೋ ಮದುವೆಗೋ ಪಿಎಫ್‌ನಿಂದ ಅಡ್ವಾನ್ಸ್ ತೆಗೆಯಬೇಕಾದರೆ ಸಿಗುವುದು ಖಾತೆಯಲ್ಲಿ ಇರುವ ಹಣದಿಂದ. ಸ್ಲಿಪ್‌ನಲ್ಲಿ ಮಾತ್ರ ಇರುವ ಹಣದಿಂದ ಆಸ್ಪತ್ರೆ ಬಿಲ್ ಕಟ್ಟಲಾಗದು.

ಪಿಂಚಣಿಗೆ 10 ವರ್ಷದ ಸೇವೆ ಬೇಕು. ಹಣ ಬರದ ತಿಂಗಳುಗಳು ದಾಖಲೆಯಲ್ಲಿ ಖಾಲಿಯಾಗಿ ಉಳಿದುಬಿಡುತ್ತವೆ. ಒಂಬತ್ತು ವರ್ಷ ಚಿಲ್ಲರೆ ಸೇವೆ ಇರುವವರಿಗೆ ಐದಾರು ತಿಂಗಳ ಗ್ಯಾಪ್ ಎಂದರೆ ಸಣ್ಣ ಮಾತಲ್ಲ. ಇನ್ನು ಕೆಲಸದಲ್ಲಿರುವಾಗಲೇ ಸದಸ್ಯರು ತೀರಿಕೊಂಡರೆ ಮನೆಯವರಿಗೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ವಿಮೆ ಸಿಗುವ ಯೋಜನೆಯೂ ಪಿಎಫ್ ಜೊತೆಗೇ ಇದೆ. ದಾಖಲೆ ಹರಕು ಮುರುಕಾಗಿದ್ದರೆ ಅದನ್ನು ಸರಿಮಾಡಿಸಲು ಓಡಾಡಬೇಕಾದವರು ದುಃಖದಲ್ಲಿರುವ ಮನೆಯವರು. ನನಗೆ ಅತಿ ಹೆಚ್ಚು ನೋವು ಕೊಡುವ ವಿಷಯ ಇದೇ.

ಬೆಂಗಳೂರಿನಲ್ಲಿ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆಗೆ ಇಳಿದದ್ದು ನೆನಪಿರಬಹುದು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪಿಎಫ್‌ನಲ್ಲಿರುವ ಕಂಪನಿ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮಕ್ಕೆ ಅವರ ವಿರೋಧ ಇತ್ತು. 19ರಂದೇ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ದಿನಗೂಲಿಯ ಹಾಗೆ ಬದುಕುವ ಮನೆಗಳಲ್ಲಿ ಪಿಎಫ್ ಅನ್ನುವುದು ಒಂದೇ ಒಂದು ಉಳಿತಾಯ. ಅದನ್ನು ತಡಮಾಡುವ ಕಂಪನಿಗಳು ಇದನ್ನು ಮರೆಯಬಾರದು.

ಕಂಪನಿಯನ್ನು ಕೇಳುವುದು

ಮೊದಲು ಕೇಳಿ, ಬರೆದು ಕೇಳಿ. ಕ್ಯಾಂಟೀನಿನಲ್ಲಿ ಎಚ್‌ಆರ್‌ನವರನ್ನು ನಿಲ್ಲಿಸಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಮೇಲ್ ಸಾಕು, ಜಗಳದ ದನಿ ಬೇಡ. ನಾನು ಕಳಿಸಿದ್ದು ಹೆಚ್ಚು ಕಡಿಮೆ ಹೀಗಿತ್ತು:

"ಮೇಡಂ, ಏಪ್ರಿಲ್, ಮೇ ಮತ್ತು ಜೂನ್ ತಿಂಗಳ ನನ್ನ ಸಂಬಳದಿಂದ ಪಿಎಫ್ ಕಡಿತವಾಗಿದೆ. ಆ ಹಣ ಇವತ್ತಿನವರೆಗೂ ನನ್ನ ಪಾಸ್‌ಬುಕ್‌ನಲ್ಲಿ ಕಾಣುತ್ತಿಲ್ಲ. ಸ್ಲಿಪ್‌ಗಳು ಮತ್ತು ಪಾಸ್‌ಬುಕ್ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕಟ್ಟಿದ್ದರೆ ಚಲನ್ ಪ್ರತಿ ಕಳಿಸಿ. ಕಟ್ಟಿಲ್ಲದಿದ್ದರೆ ಯಾವ ತಾರೀಖಿನೊಳಗೆ ಕಟ್ಟುತ್ತೀರಿ ಎಂದು ತಿಳಿಸಿ."

ಇದರಲ್ಲಿ ಮುಖ್ಯವಾದದ್ದು ಕೊನೆಯ ಎರಡು ವಾಕ್ಯ. ಚಲನ್ ಕೊಡಿ, ಇಲ್ಲವೇ ತಾರೀಖು ಕೊಡಿ. 'ಪ್ರೋಸೆಸ್‌ನಲ್ಲಿದೆ' ಎಂಬ ಉತ್ತರಕ್ಕೆ ಜಾಗ ಉಳಿಯುವುದಿಲ್ಲ. ಈ ಮೇಲ್ ಅನ್ನು ಕಂಪನಿಯ ಮೇಲ್ ಖಾತೆಯಲ್ಲಿ ಮಾತ್ರ ಇಡಬೇಡಿ. ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚಿಹೋಗುತ್ತದೆ. ಸ್ಲಿಪ್, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ ಎಲ್ಲದರ ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲಿ ಇರಲಿ.

ಒಬ್ಬರೇ ಕೇಳಲು ಹೆದರಿಕೆಯಾಗುವುದು ಸಹಜ. ನನಗೂ ಆಗಿತ್ತು. ಕಂಪನಿ ಕಟ್ಟಿಲ್ಲ ಅಂದರೆ ಬಹುಪಾಲು ಸಂದರ್ಭದಲ್ಲಿ ಯಾರದ್ದೂ ಕಟ್ಟಿರುವುದಿಲ್ಲ. ನಾಲ್ಕು ಜನ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಯಾರೊಬ್ಬರ ಮೇಲೂ ಕಣ್ಣು ಬೀಳುವುದಿಲ್ಲ. ಯೂನಿಯನ್ ಇದ್ದರೆ ಅವರ ಮೂಲಕವೇ ಕಳಿಸಿ.

ಇಲ್ಲಿ ಒಂದು ಎಚ್ಚರಿಕೆ. ಕೇಳಿದ ಮೇಲೆ ಕೆಲವು ಕಂಪನಿಗಳು, "ಹಿಂದಿನ ತಿಂಗಳುಗಳಲ್ಲಿ ನಿಮ್ಮ ಪಾಲು ಕಟ್ ಮಾಡುವುದು ಬಿಟ್ಟುಹೋಗಿತ್ತು, ಈ ತಿಂಗಳು ಎಲ್ಲಾ ಸೇರಿಸಿ ಕಟ್ ಮಾಡುತ್ತೇವೆ" ಅನ್ನುತ್ತವೆ. ಹಾಗೆ ಮಾಡುವಂತಿಲ್ಲ. ಪಿಎಫ್ ಯೋಜನೆಯ 32ನೇ ಪ್ಯಾರಾ ಪ್ರಕಾರ ಯಾವ ಅವಧಿಯ ವಂತಿಗೆಯೋ ಅದೇ ಅವಧಿಯ ಸಂಬಳದಿಂದ ಮಾತ್ರ ನೌಕರರ ಪಾಲನ್ನು ಹಿಡಿಯಬಹುದು. ಬರವಣಿಗೆಯ ತಪ್ಪಿನಿಂದಲೋ ಆಕಸ್ಮಿಕವಾಗಿಯೋ ಬಿಟ್ಟುಹೋಗಿದ್ದರೆ ಮಾತ್ರ ಪಿಎಫ್ ಇನ್ಸ್‌ಪೆಕ್ಟರ್ ಲಿಖಿತ ಒಪ್ಪಿಗೆಯ ಮೇಲೆ ವಿನಾಯಿತಿ ಇದೆ. ಉಳಿದಂತೆ ಕಟ್ ಮಾಡದೆ ಬಿಟ್ಟ ನಿಮ್ಮ ಪಾಲನ್ನೂ ಕಂಪನಿ ತನ್ನ ಜೇಬಿನಿಂದಲೇ ಕಟ್ಟಬೇಕು. ತಡವಾದದ್ದಕ್ಕೆ ಬೀಳುವ ಬಡ್ಡಿ, ದಂಡವನ್ನು ಕೂಡ ಸಂಬಳದಿಂದ ಹಿಡಿಯುವಂತಿಲ್ಲ.

ಪಿಎಫ್ ಆಫೀಸಿಗೆ ದೂರು

ಹತ್ತು ಹದಿನೈದು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇನ್ನು ಕಾಯಬೇಡಿ. ಇಪಿಎಫ್‌ಐಜಿಎಂಎಸ್ ಎಂಬ ದೂರಿನ ಪೋರ್ಟಲ್ ಇದೆ. ಯುಎಎನ್ ಹಾಕಿ, ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟು, ಯಾವ ಪಿಎಫ್ ಖಾತೆ ಅಂತ ಆರಿಸಿ ದೂರು ಬರೆಯಬೇಕು. ಕಂಪನಿಗೆ ಕಳಿಸಿದ ಮೇಲ್, ಸ್ಲಿಪ್, ಪಾಸ್‌ಬುಕ್ ಮೂರನ್ನೂ ಸೇರಿಸಿ. ಬರೆಯುವಾಗ ಕಥೆ ಬೇಡ. ಕಂಪನಿಯ ಪಿಎಫ್ ಕೋಡ್, ಬಾಕಿ ಇರುವ ತಿಂಗಳುಗಳು, ಪ್ರತಿ ತಿಂಗಳು ಕಟ್ ಆದ ಮೊತ್ತ, ಇಷ್ಟು ಸಾಕು. ಎಷ್ಟು ಜನರಿಗೆ ಹೀಗಾಗಿದೆ ಎಂದು ಗೊತ್ತಿದ್ದರೆ ಅದನ್ನೂ ಸೇರಿಸಿ.

ನಿಮ್ಮ ಪಿಎಫ್ ಖಾತೆ ನಂಬರಿನ (ಯುಎಎನ್ ಅಲ್ಲ) ಮೊದಲ ಅಕ್ಷರಗಳು ಯಾವ ಆಫೀಸು ಅಂತ ಹೇಳುತ್ತವೆ. ಬಿಜಿಬಿಎನ್‌ಜಿ ಅಂದರೆ ಬೆಂಗಳೂರು, ಪಿವೈಬಿಒಎಂ ಅಂದರೆ ಬೊಮ್ಮಸಂದ್ರ. ನೀವು ಈಗ ಹುಬ್ಬಳ್ಳಿಯಲ್ಲಿದ್ದರೂ ಕಂಪನಿ ನೋಂದಣಿಯಾದ ಆಫೀಸಿನವರೇ ಕ್ರಮ ಕೈಗೊಳ್ಳಬೇಕು. ದೂರು ಬರೆಯಲು ಕಷ್ಟವಾದರೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರ ನಡೆಯುತ್ತದೆ. ಅವತ್ತು ರಜೆ ಇದ್ದರೆ ಮುಂದಿನ ಕೆಲಸದ ದಿನ. ಅಲ್ಲಿ ಅಧಿಕಾರಿಗಳ ಎದುರಿಗೇ ಕೂತು ಹೇಳಬಹುದು. ಸಹಾಯವಾಣಿ 14470.

ಸಮಸ್ಯೆ ಬಗೆಹರಿಯದೆ ದೂರು ಮುಚ್ಚಿದೆ ಅಂತ ಮೆಸೇಜ್ ಬಂದರೆ ಬಿಟ್ಟುಬಿಡಬೇಡಿ. ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು, ಅಲ್ಲಿ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಇದೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ, "ನನ್ನ ದೂರಿನ ಮೇಲೆ ಯಾವ ದಿನ ಏನು ಕ್ರಮ ಆಯಿತು" ಅಂತ ಕೇಳಬಹುದು. ಈ ಒಂದು ಪ್ರಶ್ನೆಗೆ ಫೈಲ್ ತೆರೆದು ನೋಡದೆ ಉತ್ತರ ಕೊಡಲು ಆಗುವುದಿಲ್ಲ.

ದೂರು ಹೋದ ಮೇಲೆ ಎನ್‌ಫೋರ್ಸ್‌ಮೆಂಟ್ ಆಫೀಸರ್ ಕಂಪನಿಯ ಲೆಕ್ಕ ನೋಡುತ್ತಾರೆ. ಬಾಕಿ ಎಷ್ಟು ಅಂತ ತೀರ್ಮಾನಿಸಲು ವಿಚಾರಣೆ ನಡೆಯುತ್ತದೆ. ಹಳೆಯ 1952ರ ಪಿಎಫ್ ಕಾಯ್ದೆಯ ಕಲಂ ನಂಬರಿನಿಂದ ಇದನ್ನು 7ಎ ವಿಚಾರಣೆ ಅನ್ನುತ್ತಾರೆ. ಸಿವಿಲ್ ಕೋರ್ಟಿನ ಹಾಗೆ ಜನರನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅಲ್ಲಿ ಇದೆ. ಆದೇಶ ಆದ ಮೇಲೂ ಕಟ್ಟದಿದ್ದರೆ ಕಂಪನಿಯ ಬ್ಯಾಂಕ್ ಖಾತೆಯಿಂದಲೇ ಹಣ ತೆಗೆಯಬಹುದು, ಆಸ್ತಿ ಜಪ್ತಿ ಮಾಡಬಹುದು.

ಕಂಪನಿಗೆ ಏನು ಬೀಳುತ್ತದೆ

ತಡವಾದ ಹಣಕ್ಕೆ ವರ್ಷಕ್ಕೆ 12% ಬಡ್ಡಿ. ಅದರ ಮೇಲೆ ದಂಡ ಬೇರೆ. 2024ರ ಜೂನ್‌ವರೆಗೆ ದಂಡದ ದರ ತಡವಾದಷ್ಟೂ ಏರುತ್ತಿತ್ತು. ಎರಡು ತಿಂಗಳೊಳಗೆ ವರ್ಷಕ್ಕೆ 5%, ಆರು ತಿಂಗಳು ದಾಟಿದರೆ 25%. ಈಗ ತಿಂಗಳಿಗೆ 1% ಅಂತ ಒಂದೇ ದರ. 50 ಜನರಿಗೆ ತಲಾ 3,600 ರೂಪಾಯಿಯಂತೆ ತಿಂಗಳಿಗೆ 1,80,000 ಕಟ್ಟಬೇಕಾದ ಕಂಪನಿ ಒಂದು ತಿಂಗಳ ಹಣವನ್ನು ಆರು ತಿಂಗಳು ತಡಮಾಡಿತು ಅನ್ನಿ. ಬಡ್ಡಿ 10,800, ದಂಡ 10,800, ಒಟ್ಟು 21,600. ನನ್ನ ಅಭಿಪ್ರಾಯದಲ್ಲಿ ಇದು ಕಡಿಮೆಯಾಯಿತು. ಹಣದ ಅಡಚಣೆಯಲ್ಲಿರುವ ಮಾಲೀಕರಿಗೆ ಹೊರಗೆ ಕೈಸಾಲ ಇದಕ್ಕಿಂತ ಕಡಿಮೆ ದರದಲ್ಲಿ ಸಿಗುವುದು ಕಷ್ಟ. ದಂಡಕ್ಕೆ ಹೆದರಿ ಕಟ್ಟುತ್ತಾರೆ ಅಂತ ನಂಬಿ ಕೂರುವ ಹಾಗಿಲ್ಲ. ಮತ್ತೆ ಈ ದಂಡದ ಹಣ ನಿಮ್ಮ ಪಾಸ್‌ಬುಕ್‌ಗೆ ಬರುವುದಿಲ್ಲ, ಇಪಿಎಫ್‌ಒಗೆ ಹೋಗುತ್ತದೆ.

"ಬೇಕಂತ ತಡಮಾಡಿದ್ದಲ್ಲ" ಅನ್ನುವ ಸಮಜಾಯಿಷಿ ನಡೆಯುತ್ತದಾ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಉತ್ತರ ಕೊಟ್ಟಿತು. ಅದು ನಮ್ಮ ಕೊಡಗಿನ ಗೋಣಿಕೊಪ್ಪದ ತೋಟಗಾರಿಕಾ ಪ್ರಯೋಗ ಕೇಂದ್ರದ ಪ್ರಕರಣ. ದಂಡ ಹಾಕಲು ಕೆಟ್ಟ ಉದ್ದೇಶ ಇತ್ತು ಅಂತ ಸಾಬೀತು ಮಾಡಬೇಕಿಲ್ಲ, ಹಣ ಕಟ್ಟದೆ ಇದ್ದದ್ದೇ ಸಾಕು ಎಂದು ಕೋರ್ಟ್ ಹೇಳಿತು.

ಸಂಬಳದಿಂದ ಕಟ್ ಮಾಡಿ ಕಟ್ಟದೆ ಇರುವುದು ಇನ್ನೂ ಗಂಭೀರ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಲ್ಲಿ ಇದಕ್ಕೇ ಅಂತ ಒಂದು ವಿವರಣೆ ಇದೆ. ನೌಕರರ ಪಾಲನ್ನು ಹಿಡಿದುಕೊಂಡ ಮಾಲೀಕರು ಅದನ್ನು ನಂಬಿ ಒಪ್ಪಿಸಿದ ಹಣ ಎಂದೇ ತಿಳಿಯಬೇಕು. ಕಟ್ಟದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಹಳೆಯ ದಂಡ ಸಂಹಿತೆಯಲ್ಲೂ 405ನೇ ಕಲಂನಲ್ಲಿ ಇದೇ ಮಾತಿತ್ತು. ಆದರೂ ಪೊಲೀಸ್ ಠಾಣೆಯನ್ನೇ ಮೊದಲ ಹೆಜ್ಜೆ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಬಾಕಿ ಎಷ್ಟು ಅಂತ ಪಿಎಫ್ ಆಫೀಸು ತೀರ್ಮಾನಿಸಿದ ಮೇಲೆ ಆ ದೂರಿಗೆ ಬಲ ಜಾಸ್ತಿ.

ಗುತ್ತಿಗೆ ಕೆಲಸದವರು, ಮುಚ್ಚಿದ ಕಂಪನಿಗಳು, ಕೆಲಸ ಬಿಟ್ಟವರು

ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸದಲ್ಲಿ ಇರುವವರಿಗೆ ಸಂಬಳ ಕೊಡುವುದು ಏಜೆನ್ಸಿ. ಪಿಎಫ್ ಬಗ್ಗೆ ಕೇಳಿದರೆ ಏಜೆನ್ಸಿಯವರು ಕಂಪನಿ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ಏಜೆನ್ಸಿ ಕಡೆ. ಇದರಲ್ಲಿ ಗೊಂದಲ ಏನೂ ಇಲ್ಲ. ಗುತ್ತಿಗೆದಾರರ ಮೂಲಕ ತೆಗೆದುಕೊಂಡ ಕೆಲಸಗಾರರ ಪಿಎಫ್‌ಗೂ ಮುಖ್ಯ ಮಾಲೀಕರೇ ಹೊಣೆ. ಆ ಹಣವನ್ನು ಅವರು ಗುತ್ತಿಗೆದಾರರಿಂದ ಆಮೇಲೆ ವಸೂಲು ಮಾಡಿಕೊಳ್ಳಲಿ. ದೂರಿನಲ್ಲಿ ಏಜೆನ್ಸಿ ಮತ್ತು ನೀವು ನಿಜವಾಗಿ ಕೆಲಸ ಮಾಡಿದ ಕಂಪನಿ, ಎರಡರ ಹೆಸರನ್ನೂ ಬರೆಯಿರಿ.

ಕೆಲಸ ಬಿಡುವವರು ಕೊನೆಯ ಎರಡು ಮೂರು ತಿಂಗಳ ಪಿಎಫ್ ಬಂದಿದೆಯಾ ಅಂತ ತಪ್ಪದೆ ನೋಡಬೇಕು. ಕೆಲಸ ಬಿಟ್ಟ ತಾರೀಖನ್ನು ಕಂಪನಿ ಹಾಕದಿದ್ದರೆ ಎರಡು ತಿಂಗಳ ನಂತರ ನಾವೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು. ಆದರೆ ಕೊನೆಯ ವಂತಿಗೆ ಯಾವ ತಿಂಗಳದ್ದೋ ಆ ತಿಂಗಳ ತಾರೀಖನ್ನು ಮಾತ್ರ ಅದು ಒಪ್ಪುತ್ತದೆ. ಆಗಸ್ಟ್‌ವರೆಗೆ ದುಡಿದಿದ್ದೀರಿ, ಹಣ ಮೇ ತಿಂಗಳಿಗೆ ನಿಂತಿದೆ ಅಂದರೆ ಮೇ ತಿಂಗಳಲ್ಲೇ ಕೆಲಸ ಬಿಟ್ಟ ಹಾಗೆ ದಾಖಲಾಗುತ್ತದೆ. ಅವಸರದಲ್ಲಿ ಅದನ್ನು ಒತ್ತುವ ಮೊದಲು ಬಾಕಿ ತಿಂಗಳುಗಳಿಗೆ ದೂರು ಹಾಕಿ.

ಕಂಪನಿ ದಿವಾಳಿಯಾದರೂ ಹಣ ಮುಳುಗಿತು ಅಂತ ತೀರ್ಮಾನಿಸಬೇಡಿ. ದಿವಾಳಿ ಸಂಹಿತೆಯ ಪ್ರಕಾರ ನೌಕರರಿಗೆ ಪಿಎಫ್‌ನಿಂದ ಬರಬೇಕಾದ ಹಣ ಕಂಪನಿಗೆ ಸಾಲ ಕೊಟ್ಟವರಿಗೆ ಹಂಚುವ ಆಸ್ತಿಯಲ್ಲಿ ಸೇರುವುದಿಲ್ಲ. ಕಂಪನಿ ಬಾಗಿಲು ಹಾಕುವ ಸುದ್ದಿ ಬಂದ ಕೂಡಲೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಪಿಎಫ್ ಆಫೀಸಿಗೆ ಬರೆದುಕೊಡಿ. ಬಾಕಿಯ ವಿಷಯ ಆ ಆಫೀಸಿಗೆ ಗೊತ್ತಿದ್ದರೆ ತಾನೇ ಅವರು ಹಕ್ಕು ಕೇಳುವುದು.

ಎಲ್ಲಕ್ಕಿಂತ ಮುಖ್ಯವಾಗಿ, ತುಂಬಾ ದಿನ ಬಿಡಬೇಡಿ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅದಕ್ಕೂ ಮೊದಲಿದ್ದ 1952ರ ಪಿಎಫ್ ಕಾಯ್ದೆಯಲ್ಲಿ ಬಾಕಿಯ ವಿಚಾರಣೆ ಶುರು ಮಾಡಲು ಕಾಲಮಿತಿ ಇರಲಿಲ್ಲ. ಹೊಸ ಸಂಹಿತೆಯಲ್ಲಿ 5 ವರ್ಷದ ಮಿತಿ ಇದೆ. ಆ 5 ವರ್ಷವನ್ನು ಎಣಿಸುವುದು ಹಣ ಕಟ್ಟಬೇಕಾಗಿದ್ದ ದಿನದಿಂದ, ನಿಮಗೆ ಗೊತ್ತಾದ ದಿನದಿಂದ ಅಲ್ಲ.